ಮರಗೆಣಸು ಒಣಗಿಸಿದ ತಲೆ ಯಾರದು

ಮರಗೆಣಸು ಒಣಗಿಸಿಡುವ ಉಪಾಯ ನನ್ನದಲ್ಲ, ನನ್ನ ಓರಗಿತ್ತಿ ಗೌರಮ್ಮನದು. ಹೆಸರು ಮಾತ್ರ ನಾನು ಹೊಡೆದುಕೊಂಡೆ.

ಇದನ್ನು ಕೆದಕಿದವಳು ನಾಗರಬಾವಿಯ ನಮ್ಮ ಮನೆಯ ಮೇಲಿನ ರೂಮಿನಲ್ಲಿ ಬಾಡಿಗೆಗಿರುವ ಧಾರವಾಡದ ಕಡೆಯ ಹುಡುಗಿ. ಸಣ್ಣ ರೈತರು ಮರಗೆಣಸನ್ನು ಹಸಿಯಾಗಿ ಮಾರದೆ ಒಣಗಿಸಿ ಹಿಟ್ಟು ಯಾಕೆ ಮಾಡುತ್ತಾರೆಂದು ಓದುತ್ತಿದ್ದಾಳಂತೆ. ಅದಕ್ಕೂ ಓದು ಬೇಕೇ ಎನ್ನುತ್ತೀರಿ. ನಾನೂ ಅಂದೆ. ಅವಳು ನಕ್ಕು, ಬೇಕರಿಯಿಂದ ತಂದ ಮರಗೆಣಸಿನ ಚಿಪ್ಸ್ ಬಿಚ್ಚಿ ಮುಂದಿಟ್ಟಳು. ಎಣ್ಣೆ ಕಮಟು.

"ಅಜ್ಜಿ, ನಿಮಗ ಮೊದಲ ಒಣಗಸೋದು ಯಾರ್ ಕಲಿಸಿದ್ರೀ?"

"ಯಾರೂ ಇಲ್ಲ ಕಣಮ್ಮ. ನಾನೇ."

"ಹಂಗಾರ ನಿಮ್ಮ ಹೆಸರು ಬರೀತೀನ್ರೀ. ಪುಸ್ತಕದಾಗ ಬರತೈತಿ."

ನನ್ನ ಪ್ರಾಯದಲ್ಲಿ ಕೆಂಗೇರಿಯಾಚೆ ಒಂದು ತುಂಡು ಹೊಲ ಗುತ್ತಿಗೆಗೆ ಮಾಡುತ್ತಿದ್ದೆವು. ಮರಗೆಣಸು ಮಣ್ಣೊಳಗಿದ್ದರೆ ತಿಂಗಳುಗಟ್ಟಲೆ ಕಾಯುತ್ತದೆ. ಕಿತ್ತರೆ ಎರಡು ಮೂರು ದಿನಕ್ಕೇ ಒಳಗೆ ನೀಲಿ ಗೆರೆ ಬಿದ್ದು ಕೆಡುತ್ತದೆ. ನಮ್ಮ ಮಾವನವರ ಹಾಗಲ್ಲ. ಅವರು ಎಲ್ಲಿ ಕೂರಿಸಿದರೂ ಗೊಣಗಿಕೊಂಡು ಬಾಳಿದರು. ಹೊಲದ ಯಜಮಾನರು ಸೈಟು ಮಾಡಿಸುತ್ತೇವೆ, ವಾರದಲ್ಲಿ ಬಿಡಿ ಎಂದರು. ಎಲ್ಲ ಕಿತ್ತೆವು. ಅಷ್ಟು ಹಸಿ ಗೆಣಸು ಮಂಡಿಯಲ್ಲಿ ಯಾರಿಗೂ ಬೇಡ. ಅಂಗಳದ ತುಂಬ ರಾಶಿ, ಅದರ ಸುತ್ತ ತಲೆ ಮೇಲೆ ಕೈಹೊತ್ತ ಗಂಡಸರು.

ಗೌರಮ್ಮ ಹೊಸ ಮದುವಣಗಿತ್ತಿ, ಮಾವನ ಮುಂದೆ ಬಾಯಿ ಬಿಡುವವಳಲ್ಲ. ನನ್ನ ಕಿವಿಯಲ್ಲಿ, "ಅಕ್ಕ, ನಮ್ಮ ತವರಲ್ಲಿ ಸಿಪ್ಪೆ ತೆಗ್ದು, ಹೆಚ್ಚಿ, ಬೇಯ್ಸಿ, ನೀರು ಬಸ್ದು ಬಂಡೆ ಮೇಲೆ ಹರಡ್ತಾರೆ. ವರ್ಷ ಇಟ್ರೂ ಕೆಡಲ್ಲ" ಅಂದಳು. ನಾನು ಮಾವನಿಗೆ ಮುಟ್ಟಿಸಿದೆ, ಅವಳ ಹೆಸರು ಬಿಟ್ಟು. ರಾಶಿ ಉಳಿಯಿತು. ಅದರ ಹಿಟ್ಟಿನ ರೊಟ್ಟಿ ಮುರಿಯುತ್ತಾ ಮಾವ, "ನಮ್ಮ ದೊಡ್ಡ ಸೊಸೆ ತಲೆ ಅಂದ್ರೆ ತಲೆ ಕಣ್ರೋ" ಎಂದರು. ಒಲೆ ಊದುತ್ತಿದ್ದ ಗೌರಮ್ಮ ತಿರುಗಿ ನೋಡಿದಳು. ನಾನು ತುಟಿ ಬಿಚ್ಚಲಿಲ್ಲ. ಅವಳೂ ಬಿಚ್ಚಲಿಲ್ಲ, ಇಷ್ಟು ವರ್ಷ.

ಬಾಯಲ್ಲಾಡಿದ ಸುಳ್ಳು ಆಡಿದವರ ಜೊತೆ ಹೋಗುತ್ತದೆ. ಅಚ್ಚಾದದ್ದು ಹೋಗುವುದಿಲ್ಲ. ಗೌರಮ್ಮ ಇನ್ನೂ ಗಟ್ಟಿಯಾಗಿದ್ದಾಳೆ, ಮೂಡಲಪಾಳ್ಯದಲ್ಲಿ ಮಗಳ ಮನೆಯಲ್ಲಿ.

ಮರುದಿನ ಬೆಳಿಗ್ಗೆ ಹುಡುಗಿಯನ್ನು ಎಬ್ಬಿಸಿ ಆಟೋ ಹತ್ತಿಸಿದೆ. ಬಾಗಿಲು ತೆಗೆದ ಗೌರಮ್ಮ ಗಾಬರಿಯಾದಳು. "ಏನಕ್ಕ ಇಷ್ಟೊತ್ತಿಗೆ? ಯಾರಾದ್ರೂ ಹೋಗ್ಬಿಟ್ರಾ?"

"ಯಾರೂ ಹೋಗಿಲ್ಲ. ಮರಗೆಣಸು ಒಣಗಿಸೋದು ಹೇಳ್ಕೊಟ್ಟಿದ್ದು ನೀನು ಅಂತ ಈ ಮಗು ಬರ್ಕೊಳ್ಬೇಕು. ನಾನು ಸುಳ್ಳು ಹೇಳಿದ್ದೆ. ನೀನೇ ಹೇಳು."

ಗೌರಮ್ಮ ಸೆರಗಲ್ಲಿ ಕೈ ಒರೆಸಿಕೊಂಡು ನನ್ನನ್ನೇ ನೋಡಿದಳು.

"ಮೊದಲ್ನೇ ಸಲ ನೀವು ದಪ್ಪ ದಪ್ಪ ಹೆಚ್ಚಿ ಒಂದು ಮೊರ ಬೂಷ್ಟು ಹಿಡ್ಸಿದ್ರಲ್ಲ ಅಕ್ಕ, ಅದನ್ನೂ ಹೇಳ್ಲಾ?"

"ಹೇಳು," ಎಂದೆ.