ಉಪ್ಪಿನ ಆಟದ ಕಸ್ತೂರಿ

ಕಸ್ತೂರಿ ಸೋತಾಗ ಚಪ್ಪಾಳೆ ತಟ್ಟುತ್ತಿದ್ದಳು. ಗೆದ್ದವರಿಗಲ್ಲ, ತನಗೇ. ಚೆನ್ನೆಮಣೆಯಲ್ಲಿ ನಾನು ಅವಳ ಗುಳಿಗಳನ್ನೆಲ್ಲ ಬರಿದು ಮಾಡಿ ಕಾಯಿ ಬಾಚಿಕೊಂಡರೆ, ಮೂವತ್ತು ದಾಟಿದ ಹೆಂಗಸು ಕೂತಲ್ಲೇ ಕುಣಿದು, "ಎಲ್ಲಿ ತಪ್ಪಿದೆ ಹೇಳ್ರಿ ಆಯಿ, ಮೂರನೇ ಗುಳಿ ಎತ್ತಿದಾಗೇನ್ರಿ?" ಎಂದು ನೋಟ್‌ಬುಕ್ ತೆಗೆಯುತ್ತಿದ್ದಳು. ಸೋತದ್ದನ್ನು ಬರೆದಿಟ್ಟುಕೊಳ್ಳುವವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಗದಗದ ಕಡೆಯವಳು. ಅಜ್ಜಿಗೆ ಅವರು ಆಯಿ ಅನ್ನುತ್ತಾರಂತೆ. ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಇರುವ ನಮ್ಮ ಮನೆಯ ಮಹಡಿ ಕೋಣೆಗೆ ಹತ್ತು ತಿಂಗಳ ಮಟ್ಟಿಗೆ ಬಾಡಿಗೆಗೆ ಬಂದಳು. ಏನು ಕೆಲಸ ಎಂದರೆ ಸಂಶೋಧನೆ ಅಂದಳು. ವಿಡಿಯೋ ಗೇಮ್ ಆಡಿ ಮಕ್ಕಳು ಚರಿತ್ರೆ ಕಲಿಯುತ್ತಾರೋ ಇಲ್ಲವೋ ಎಂದು ನೋಡುವುದಂತೆ.

"ಆಟ ಆಡೋದಕ್ಕೂ ಡಾಕ್ಟರ್ ಪದವಿ ಕೊಡ್ತಾರನೇ?" ಎಂದು ಕೇಳಿದೆ.

"ನಾ ಆಡಂಗಿಲ್ರಿ ಆಯಿ. ಆಡೋರ ಮಾರಿ ನೋಡ್ತೀನ್ರಿ."

"ಮುಖ ನೋಡಕ್ಕೆ ಇಷ್ಟು ದೂರ ಬಂದ್ಯಾ? ಗದಗದ ಮಕ್ಕಳಿಗೆ ಮುಖ ಇಲ್ವಾ?"

ಬೇರೆ ಯಾರಾದರೂ ಆಗಿದ್ದರೆ ಸಿಟ್ಟಾಗುತ್ತಿದ್ದರು. ಇವಳು ಅದನ್ನೂ ಬರೆದುಕೊಂಡಳು.

ಕೊಪ್ಪ, ಶೃಂಗೇರಿ, ಎನ್.ಆರ್. ಪುರ, ಮೂರು ಊರಿನ ಹೈಸ್ಕೂಲುಗಳಿಗೆ ದಿನ ಬಿಟ್ಟು ದಿನ ಹೋಗುತ್ತಿದ್ದಳು. ಮಕ್ಕಳು ಆಡುವ ಟ್ಯಾಬುಗಳನ್ನು ಒಂದೊಂದಾಗಿ ಟವೆಲಿನಲ್ಲಿ ಸುತ್ತಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂರುವಳು. ಕಂಡಕ್ಟರ್ "ಮೊಟ್ಟೆಯಾ ಮೇಡಂ?" ಎಂದು ದಿನವೂ ಕೇಳುತ್ತಿದ್ದನಂತೆ. ಅಡುಗೆ ಬಾರದು. ಹಾಲು ಉಕ್ಕುವುದನ್ನು ಕಣ್ಣು ಬಿಟ್ಟು ನೋಡುತ್ತಾ ನಿಂತು ಉಕ್ಕಿಸುವಳು. ಬೈದರೆ, "ಇಷ್ಟೊತ್ತು ಸುಮ್ನಿದ್ದು ಒಮ್ಮಿಗೇ ಹೆಂಗ ಬರತೈತಿ ನೋಡ್ರಿ!" ಎನ್ನುವಳು. ಒಲೆ ಒರೆಸುತ್ತಿದ್ದದ್ದು ನಾನು.

ಅವಳ ಆಟ ಹೀಗಿತ್ತು. ಘಟ್ಟಕ್ಕೆ ರಸ್ತೆ ಆಗುವ ಮೊದಲು ಎತ್ತಿನ ಬೆನ್ನಿಗೆ ಹೇರು ಹೇರಿ ಕೆಳಗಿನಿಂದ ಉಪ್ಪು ತರುತ್ತಿದ್ದರಲ್ಲ, ಆ ಕಾಲ. ಆಡುವವರು ಹೇರೆತ್ತಿನವರು. ಘಟ್ಟ ಹತ್ತಿ, ಕೆರೆಕಟ್ಟೆ, ಶೃಂಗೇರಿ ದಾಟಿ, ಮಳೆ ಹಿಡಿಯುವ ಮೊದಲು ಕೊಪ್ಪ ಮುಟ್ಟಬೇಕು. ದಾರಿಯ ಮನೆಗಳಿಗೆ ಉಪ್ಪು ಮಾರಬಹುದು. ಪುಸ್ತಕ ನೋಡಿ ಮಾಡಿದ್ದು. ಎತ್ತಿನ ಕೊರಳ ಗಂಟೆ ಚೆನ್ನಾಗಿ ಕೇಳಿಸುತ್ತಿತ್ತು.

ಮಳೆಗಾಲ ಮುಗಿದ ಮೇಲೆ ಅವಳ ಗೈಡು ಯೂನಿವರ್ಸಿಟಿಯಿಂದ ಎನ್.ಆರ್. ಪುರದ ಶಾಲೆಗೆ ಬಂದರು. ಮಕ್ಕಳೆಲ್ಲ ಹತ್ತೇ ನಿಮಿಷದಲ್ಲಿ ಗೆದ್ದುಬಿಟ್ಟರು. "ಏನು ಕಲಿತಿರಿ?" ಎಂದು ಅವರು ಕೇಳಿದರೆ ಒಂದು ಹುಡುಗಿ ಎದ್ದು ನಿಂತು, "ಕೆರೆಕಟ್ಟೇಲಿ ಕತ್ತಲಾದ ಮೇಲೆ ಮಾರಿದ್ರೆ ಡಬಲ್ ಸಿಗ್ತದೆ ಸರ್" ಅಂದಳಂತೆ. ಎಲ್ಲರೂ ಕಂಡುಕೊಂಡಿದ್ದ ಉಪಾಯ ಅದೊಂದೇ. ಗೈಡು, "ಇದು ಅಂಗಡಿ ಆಟ, ಚರಿತ್ರೆ ಎಲ್ಲಿದೆ? ಇನ್ನೊಂದು ತಿಂಗಳು ಕೊಡುತ್ತೇನೆ. ಆಗದಿದ್ದರೆ ಈ ವಿಷಯ ಬಿಟ್ಟುಬಿಡಿ" ಎಂದು ಹೇಳಿ ಹೋದರು. ಬಿಟ್ಟರೆ ಅವಳ ನಾಲ್ಕು ವರ್ಷದ ಕೆಲಸ ನೀರಿಗೆ.

ಆ ದಿನ ಮನೆಗೆ ಬಂದು ಚಪ್ಪಾಳೆ ತಟ್ಟಲಿಲ್ಲ. ಉಣ್ಣಲೂ ಇಲ್ಲ.

"ಅತ್ತರೆ ಆಟ ಸರಿಯಾಗ್ತದಾ? ಕೊಡು ಇಲ್ಲಿ, ನಾನೊಂದ್ಸಲ ನೋಡ್ತೆ" ಎಂದೆ. ಅಲ್ಲಿವರೆಗೂ ಅವಳು ನನಗೆ ಆಡಿಸಿರಲಿಲ್ಲ. ಮಕ್ಕಳ ಆಟ ಅಂದುಕೊಂಡಿದ್ದಳು.

ನನ್ನ ತವರು ಕೆರೆಕಟ್ಟೆ. ನಮ್ಮ ಅಜ್ಜ ಹೇರೆತ್ತು ಹೊಡೆದವರು. ಬೆರಳಿನಿಂದ ಎತ್ತುಗಳನ್ನು ಮೆಲ್ಲಗೆ ಘಟ್ಟ ಹತ್ತಿಸಿದೆ. ಕೆರೆಕಟ್ಟೆಗೆ ಬರುವಾಗ ಆಟದಲ್ಲಿ ಸಂಜೆಯಾಯಿತು. ಒಂದು ಮನೆಯ ಜಗಲಿಯಲ್ಲಿ ದೀಪ ಹತ್ತಿತು. ಹೆಂಗಸೊಬ್ಬಳು ಬಂದು ಉಪ್ಪಿಗೆ ಕೈ ಒಡ್ಡಿದಳು. ನಾನು ಟ್ಯಾಬನ್ನು ಚಾಪೆಯ ಮೇಲಿಟ್ಟೆ.

"ಒತ್ರಿ ಆಯಿ, ಮಾರು ಅಂತ ಐತಲ್ರಿ."

"ದೀಪ ಹಚ್ಚಿ ಆಯ್ತಲ್ಲೇ. ಈಗ ಯಾರು ಉಪ್ಪು ಅಳೀತಾರೆ? ಅದೂ ಕೈಯಿಂದ ಕೈಗೆ? ಜಗಳ ಬೇಕಾ?"

"ಮಾರ್ಲಿಲ್ಲಂದ್ರ ಸೋಲ್ತೀರಿ."

"ಸೋಲ್ತೆ. ಎಂತ ಈಗ?"

ಸೋತೆ. ಕಸ್ತೂರಿ ನೋಟ್‌ಬುಕ್ ತೆಗೆದಳು. "ಹಂಗಾದ್ರ ಹೇರೆತ್ತಿನವ ಏನು ಮಾಡ್ತಿದ್ದ?"

"ಎಂತ ಮಾಡದು? ಹೇರು ಇಳಿಸಿ, ಎತ್ತಿಗೆ ನೀರು ತೋರಿಸಿ, ಅದೇ ಜಗಲೀಲಿ ಮಲಗ್ತಿದ್ದ. ಮನೆಯವರು ಅನ್ನ ಹಾಕ್ತಿದ್ರು. ಅವನು ಕೆಳಗಿನ ಸುದ್ದಿ ಹೇಳ್ತಿದ್ದ. ಬೆಳಗಾದ ಮೇಲೆ ಉಪ್ಪು ನೆಲಕ್ಕೆ ಅಳೆದಿಡ್ತಿದ್ದ, ಇವರು ಎತ್ಕೊಳ್ತಿದ್ರು. ಉಪ್ಪಿನವ ಬರ್ಲಿಲ್ಲ ಅಂದ್ರೆ ಘಟ್ಟದ ಕೆಳಗೆ ಯಾರು ಸತ್ರು, ಯಾರು ಹೆತ್ರು, ಒಂದೂ ಗೊತ್ತಾಗ್ತಿರ್ಲಿಲ್ಲ."

"ಅಯ್ಯ ಯವ್ವಾ!" ಎಂದು ಎದ್ದು ನಿಂತು ಚಪ್ಪಾಳೆ ತಟ್ಟಿದಳು ನೋಡಿ, ಪಕ್ಕದ ಮನೆಯವರು ಇಣುಕಿದರು. "ರಾತ್ರಿ ಡಬಲ್ ರೇಟ್ ಇಟ್ಟಾಕಿ ನಾನಽ ಆಯಿ! ಆಟ ರುಚಿ ಆಗ್ಲಿ ಅಂತ!"

ಮತ್ತೆ ಒಂದು ತಿಂಗಳು ನಾನು ಹೇಳುವುದು, ಅವಳು ತಿದ್ದುವುದು. ನನ್ನ ಒಬ್ಬಳ ಮಾತು ಸಾಲದು ಎಂದು ಮೆಣಸೆಯಿಂದ ಕೆರೆಕಟ್ಟೆವರೆಗೆ ಮುದುಕಿಯರನ್ನು ಹುಡುಕಿಕೊಂಡು ಹೋದಳು. ನನ್ನನ್ನು ನಂಬುವುದಿಲ್ಲವಾ ಎಂದು ನನಗೆ ಎರಡು ದಿನ ಸಿಟ್ಟು. ಆಟದಲ್ಲಿ ಜಗಲಿಯ ಅಜ್ಜಿಗೆ ಮಾತು ಬೇಕು ಎಂದು ನನ್ನ ದನಿಯನ್ನೇ ಫೋನಿನಲ್ಲಿ ಹಿಡಿದುಕೊಂಡಳು. ಮೆತ್ತಗೆ ಹೇಳಲು ನೋಡಿದರೆ, "ಬ್ಯಾಡ್ರಿ, ನನಗ ಹಾಲು ಉಕ್ಕಿದಾಗ ಬೈತೀರಲ್ಲ, ಹಂಗ ಬೈರಿ" ಎಂದಳು. ಅದೇನೂ ಕಷ್ಟವಾಗಲಿಲ್ಲ.

ಗೈಡಿಗೆ ಎರಡನೇ ಸಲ ತೋರಿಸಿದ್ದು ಶೃಂಗೇರಿಯ ಶಾಲೆಯಲ್ಲಿ. ನಾನೂ ಹೋಗಿದ್ದೆ. ಮಕ್ಕಳು ಒಬ್ಬರೂ ಹತ್ತು ನಿಮಿಷದಲ್ಲಿ ಗೆಲ್ಲಲಿಲ್ಲ. ದೀಪ ಹತ್ತಿತು, ಮಾರಲು ಆಗುವುದಿಲ್ಲ, ಸಿಕ್ಕಿಬಿದ್ದರು. ಯಾಕೆ ಎಂದು ಒಬ್ಬ ಕೇಳಿದ. "ನಮ್ಮಜ್ಜಿ ಈಗ್ಲೂ ಕೊಡಲ್ಲ" ಎಂದು ಒಬ್ಬಳು. "ಅದೆಲ್ಲ ಮೂಢನಂಬಿಕೆ" ಎಂದು ಇನ್ನೊಬ್ಬಳು. "ಹಾಗಾದ್ರೆ ಅವರು ರಾತ್ರಿ ಉಳಿಯದಿದ್ರೆ ಸುದ್ದಿ ಹೇಗೆ ಬರ್ತಿತ್ತು?" ಎಂದು ಮೂರನೆಯವಳು. ಗೈಡು ಪ್ರಶ್ನೆ ಕೇಳುವುದಕ್ಕೆ ಜಾಗವೇ ಇಲ್ಲ, ಆ ಪರಿ ಗದ್ದಲ. ಕೊನೆಗೆ ಅವರೇ ಒಂದು ಟ್ಯಾಬ್ ಹಿಡಿದು ಕೂತರು. ಕೆರೆಕಟ್ಟೆ ಮುಟ್ಟಿದವರೇ ಎತ್ತಿನ ಹೇರು ಇಳಿಸದೆ ನೇರ ಊಟಕ್ಕೆ ಒತ್ತಿದರು.

"ನಿಂಗೆ ಹಸಿವು, ಎತ್ತಿಗೆ ಇಲ್ವನೋ? ಇಳಿಸೋ ಮೊದ್ಲು!" ಎಂದು ಟ್ಯಾಬಿನೊಳಗಿಂದ ನನ್ನ ದನಿ ಕೂಗಿತು.

ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವರು ಬೆಚ್ಚಿ ಇಳಿಸಿದರು. ಆಮೇಲೆ ನನ್ನ ಕಡೆ ತಿರುಗಿ ಕೈ ಮುಗಿದು, "ಇವರ ಮುಂದೆ ನಾನೇನು ಹೇಳಲಿ, ಮುಂದುವರಿಸಿ ಕಸ್ತೂರಿ" ಎಂದರು. ಅವಳು ನನ್ನನ್ನು ಎತ್ತಿಕೊಳ್ಳಲು ಬಂದಳು. ಸೊಂಟ ಹಿಡಿದಿದೆ, ಬೇಡ ಮಾರಾಯ್ತಿ ಎಂದು ದೂರ ತಳ್ಳಿದೆ.

ಪದವಿ ಸಿಕ್ಕಿತು. ಈಗ ಅವಳ ಊರಿನ ಕಡೆಯೇ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಮಹಡಿ ಕೋಣೆಗೆ ಬ್ಯಾಂಕಿನವನೊಬ್ಬ ಬಂದಿದ್ದಾನೆ. ಹಾಲು ಉಕ್ಕಿಸುವುದಿಲ್ಲ, ಮಾತೂ ಆಡುವುದಿಲ್ಲ. ಚೆನ್ನೆಮಣೆಗೆ ಕರೆದರೆ ಬರುವುದಿಲ್ಲ, ಬಾರದಿದ್ದರೆ ಹೋಗಲಿ.

ಮೊನ್ನೆ ಕಸ್ತೂರಿಯ ಫೋನು ಬಂದಿತ್ತು. ಅವಳ ಕಾಲೇಜಿನ ಮಕ್ಕಳೂ ಆ ಆಟಕ್ಕೆ ಬಿದ್ದಿದ್ದಾರಂತೆ.

"ದೀಪ ಹಚ್ಚಿದ ಮ್ಯಾಲೂ ಆಟದಾಗಿನ ಆಯಿ ಉಪ್ಪು ತಗೊಳ್ಳಂಗ ಮಾಡ್ತೀನಿ ಅಂತ ಒಬ್ಬಾವ ಮೂರು ದಿನದಿಂದ ಜಗಲಿ ಮ್ಯಾಲ ಕುಂತಾನ್ರಿ ಆಯಿ. ಬಿಟ್ಟು ಏಳವಲ್ಲ!"

"ಕೂತಿರ್ಲಿ ಬಿಡೇ" ಎಂದೆ. "ಎತ್ತಾದರೂ ಸುಧಾರಿಸಿಕೊಳ್ತದೆ."