ಹಿರಿ ಸೊಸೆ ಬಿಡದ ರೋಲರ್

ನನ್ನ ಹಿರಿ ಸೊಸೆ ಕೆಲಸದಲ್ಲಿ ಗಟ್ಟಿಗಿತ್ತಿ. ಹೊಟ್ಟೆಕಿಚ್ಚಿನಲ್ಲಿ ಅದಕ್ಕಿಂತ ಗಟ್ಟಿಗಿತ್ತಿ. ಮನೆಯವಳು ಅಂತ ಮುಚ್ಚಿಡೋಕೆ ನನ್ನ ಕೈಲಾಗಲ್ಲ.

ಮೊದಲು ಅವಳೊಬ್ಬಳೇ ಬ್ಯಾಟರಿ ಲ್ಯಾಬಿಗೆ ಹೋಗ್ತಿದ್ದಳು. ಗ್ರಾಫೈಟ್ ಪುಡೀನ ಅಂಟಿನ ಜೊತೆ ಕಲಸಿ, ತಾಮ್ರದ ತೆಳು ಹಾಳೆ ಮೇಲೆ ಬಳಿದು, ಒಣಗಿಸಿ, ರೋಲರಿಗೆ ಕೊಟ್ಟು ಗಟ್ಟಿಯಾಗಿ ಒತ್ತೋದು. ಅದೇ ಆನೋಡು, ಚಾರ್ಜ್ ಮಾಡಿದಾಗ ಲಿಥಿಯಂ ಬಂದು ಕೂರೋ ಜಾಗ. ಅವಳು ಬಳಿದರೆ ಒಂದು ಗೆರೆ ಕಾಣಲ್ಲ. ನಮ್ಮ ಗೋಡೆಗೆ ಬಣ್ಣ ಹೊಡೆಯೋಕೆ ಬಂದವನ ಕೈಯಿಂದಲೂ ಬ್ರಷ್ ಕಿತ್ತುಕೊಂಡಿದ್ದಳು, ಮಹಾತಾಯಿ.

ಆಮೇಲೆ ಕಿರಿ ಸೊಸೆ ಬಂದಳು. ಅವಳಿಗೂ ಅಲ್ಲೇ ಕೆಲಸ ಸಿಕ್ಕಿತು. ಆದರೆ ಅವಳ ಕೈಗೆ ಕೊಟ್ಟಿದ್ದು ಹೊಸ ಪುಡಿ, ಸಿಲಿಕಾನ್. ಗ್ರಾಫೈಟಿಗಿಂತ ಎಷ್ಟೋ ಪಾಲು ಹೆಚ್ಚು ಲಿಥಿಯಂ ಹಿಡಿಯುತ್ತಂತೆ. ಹಿಡಿದು ಏನು ಬಂತು? ನೆನೆಹಾಕಿದ ಕಾಳಿನ ಹಾಗೆ ಊದಿ, ಬಿರುಕು ಬಿಟ್ಟು, ನಾಲ್ಕು ದಿನಕ್ಕೆ ಬ್ಯಾಟರಿ ಸತ್ತೇ ಹೋಗ್ತಿತ್ತು. ಆದರೂ ಲ್ಯಾಬ್ ನೋಡೋಕೆ ಬಂದವರೆಲ್ಲ ನಿಲ್ಲೋದು ಕಿರಿಯವಳ ಮೇಜಿನ ಹತ್ತಿರವೇ.

"ಇಷ್ಟು ವರ್ಷ ಕೈ ಕಪ್ಪು ಮಾಡ್ಕೊಂಡೆ ಅತ್ತೆ, ಒಂದು ನರಪಿಳ್ಳೇನೂ ಇಣುಕಿ ನೋಡಲಿಲ್ಲ. ಇವಳ ಪುಡಿ ಸತ್ತರೂ ಸುದ್ದಿ!" ಅಂತ ಹಿರಿಯವಳು ಕೆಂಡ ಕಾರೋಳು. ನಾನು ಕಟ್ಟಿಟ್ಟ ಊಟದ ಡಬ್ಬಿಗಳನ್ನೂ ಕೈಯಲ್ಲಿ ತೂಗಿ ನೋಡೋಳು, ಯಾರದು ಭಾರ ಅಂತ.

ಹೀಗಿರುವಾಗ ಲ್ಯಾಬಿನ ಯಜಮಾನರು ಹೇಳಿದರು: ಹೊಸ ಕಟ್ಟಡದಲ್ಲಿ ಒಂದೇ ಆನೋಡು ತಯಾರಾಗೋದು, ಯಾರದು ಗೆಲ್ಲುತ್ತೋ ಅವರೇ ಅಲ್ಲಿ ಸೂಪರ್‌ವೈಸರ್. ಕೊನೇ ಪರೀಕ್ಷೆಗೆ ಶುಕ್ರವಾರ ಸಂಜೆಯೊಳಗೆ ಬ್ಯಾಟರಿ ಕೊಡಬೇಕು. ಸೂಪರ್‌ವೈಸರ್ ಕುರ್ಚಿ ಮೇಲೆ ಹಿರಿಯವಳಿಗೆ ಮದುವೆಯಾಗಿ ಬಂದ ದಿನದಿಂದ ಕಣ್ಣು.

ಲ್ಯಾಬಲ್ಲಿ ಇರೋದು ಒಂದೇ ರೋಲರ್. ಶುಕ್ರವಾರ ಬೆಳಿಗ್ಗೆಯೇ ಅದನ್ನ ಹಿಡಿದು ಕೂತಳು ನೋಡಿ!

"ಅಕ್ಕ, ಒಂದೇ ಒಂದು ಸಲ ಬಿಡಿ. ಒತ್ತದೇ ಇರೋ ಹಾಳೆ ಹ್ಯಾಗೆ ಕೊಡಲಿ?"

"ಒರೆಸ್ತಾ ಇದ್ದೀನಿ, ಕಾಣಲ್ವೇನೇ? ನಿನ್ನ ಪುಡಿ ತಾಗಿ ನನ್ನ ಹಾಳೆ ಹಾಳಾದ್ರೆ?"

ಸಂಜೆವರೆಗೂ ಒರೆಸಿದಳು. ಕಿರಿಯವಳು ಅಳುತ್ತಾ ಒತ್ತದ ಹಾಳೆಯನ್ನೇ ಕತ್ತರಿಸಿ, ಅಂಗಿ ಗುಂಡಿಯಷ್ಟು ಬ್ಯಾಟರಿಗಳನ್ನ ಮಾಡಿ ಕೊಟ್ಟು ಬಂದು, ನನ್ನ ಮುಂದೆ ಎಲ್ಲಾ ಹೇಳಿಕೊಂಡಳು. ಹಿರಿಯವಳು ಅವತ್ತು ಹಾಡು ಗುನುಗುತ್ತಾ, ಅವಳಿಗೆ ಎರಡೆರಡು ಸಲ ಬಡಿಸಿದಳು. ನನಗೆ ಮೈಯೆಲ್ಲಾ ಉರಿದುಹೋಯಿತು.

ವಾರ ಕಳೀತು, ತಿಂಗಳು ಕಳೀತು. ಕಿರಿಯವಳ ಬ್ಯಾಟರಿಗಳು ಸಾಯಲೇ ಇಲ್ಲ! ಯಜಮಾನರು ಒಂದನ್ನ ಬಿಚ್ಚಿ ನೋಡಿದರಂತೆ. ಗ್ರಾಫೈಟನ್ನ ಒತ್ತಿ ಒತ್ತಿ ರೂಢಿಯಾದ ಲ್ಯಾಬಲ್ಲಿ ಇಷ್ಟು ದಿನ ಸಿಲಿಕಾನನ್ನೂ ಹಾಗೇ ಒತ್ತಿಬಿಡ್ತಿದ್ದರು. ಊದಿಕೊಳ್ಳೋಕೆ ಜಾಗವೇ ಇಲ್ಲದೆ ಅದು ಬಿರಿಯುತ್ತಿತ್ತು. ಒತ್ತದ ಹಾಳೆಯಲ್ಲಿ ಸಂದುಗಳು ಹಾಗೇ ಉಳಿದಿದ್ದವು, ಆ ಸಂದಿನೊಳಗೇ ಊದಿಕೊಂಡು ತೆಪ್ಪಗಿತ್ತು. ಕುರ್ಚಿ ಕಿರಿಯವಳಿಗೇ ಹೋಯಿತು.

ಸುದ್ದಿ ತಂದವಳೇ ಹಿರಿಯವಳನ್ನ ತಬ್ಬಿಕೊಂಡಳು. "ಅವತ್ತು ನಿಮ್ಮನ್ನ ಮನಸ್ಸಲ್ಲೇ ಎಷ್ಟು ಬೈದೆ ಅಕ್ಕ! ಈಗ ನೋಡಿ, ಎಲ್ಲಾ ನಿಮ್ಮಿಂದಲೇ ಆಯ್ತು."

ಹಿರಿಯವಳು ಹಲ್ಲು ಕಚ್ಚಿಕೊಂಡೇ ನಕ್ಕು, ಅಡುಗೆಮನೆಗೆ ಬಂದು, ತೊಳೆದ ಪಾತ್ರೆಯನ್ನೇ ಮತ್ತೆ ಉಜ್ಜತೊಡಗಿದಳು. ಮಾಡಿದ್ದುಣ್ಣೋ ಮಾರಾಯ ಅನ್ನೋಣ ಅಂತ ಬಾಯಿ ತೆರೆದೆ. ಅವಳ ಕಣ್ಣಲ್ಲಿ ನೀರು ನೋಡಿ, ಪಾತ್ರೆಯನ್ನ ಕೈಯಿಂದ ಇಸ್ಕೊಂಡೆ.

"ಅವತ್ತು ಅವಳಿಗೆ ರೋಲರ್ ಬಿಟ್ಟುಕೊಟ್ಟಿದ್ರೆ," ಅಂದಳು, "ಇವತ್ತು ಆ ಕುರ್ಚಿ ನಂದೇ ಆಗಿರ್ತಿತ್ತು ಅತ್ತೆ."