ಜೋಕಾಲಿಯ ಮೇಲೆ ಲಂಕೆಗೆ

ಸರಪಳಿ ಕೊಂಡಿಗೆ ಉಜ್ಜುವ ಸದ್ದು ಕೇಳಿದರೆ ನನಗೆ ಈಗಲೂ ಕುಸುಬಿ ಎಣ್ಣೆಯ ವಾಸನೆ ಬರುತ್ತದೆ. ಮೂಗಿಗಲ್ಲ, ಸೀದಾ ಗಂಟಲಿಗೇ ಬರುತ್ತದೆ. ಮೊನ್ನೆ ಸಿದ್ಧೇಶ್ವರ ಗುಡಿಯ ಹತ್ತಿರ ಹೂವು ಕೊಳ್ಳಲು ನಿಂತಿದ್ದೆ. ಅಲ್ಲೇ ಯಾರದೋ ಮನೆಯ ಬಾಗಿಲು ತೆರೆದಿತ್ತು. ಒಳಗೆ ಕೂಸೊಂದು ಜೋಕಾಲಿಯ ಮೇಲೆ ಕೂತು ಕಾಲು ಬೀಸುತ್ತಿತ್ತು. ಕಿರ್ ಅಂದಿತು, ಮತ್ತೆ ಕಿರ್ ಅಂದಿತು. ಹೂವಿನವಳು "ಅಮ್ಮಾರ, ಎಷ್ಟ ಮೊಳ ಕೊಡ್ಲಿರಿ?" ಎಂದು ಕೇಳುತ್ತಲೇ ಇದ್ದಳು. ಕೊಂಡಿಗೆ ಎಣ್ಣೆ ಹಾಕ್ರಪ್ಪಾ ಎಂದು ಆ ಮನೆಯವರಿಗೆ ಕೂಗಿ ಹೇಳಬೇಕೆನಿಸಿತು. ಹೇಳಿದ್ದರೆ ಮುದುಕಿಗೆ ಅರಳುಮರಳು ಅನ್ನುತ್ತಿದ್ದರು, ಅಷ್ಟೇ. ಹೂವು ತೆಗೆದುಕೊಳ್ಳದೆ ಮನೆಗೆ ಬಂದೆ.

ವಿಜಾಪುರದ ಜೋರಾಪುರ ಪೇಟೆಯ ನಮ್ಮ ಮನೆ ಈಗ ಇಲ್ಲ. ಇದ್ದಾಗ ಅದರ ಪಡಸಾಲೆಯಲ್ಲಿ ಒಂದು ಕಡೆ ಅಪ್ಪನ ಶೇಂಗಾ, ಕುಸುಬಿಯ ಚೀಲಗಳು, ಇನ್ನೊಂದು ಕಡೆ ಕರಿಮರದ ಹಲಗೆಯ ದೊಡ್ಡ ಜೋಕಾಲಿ. ಅಪ್ಪ ಮಧ್ಯಾಹ್ನ ಉಂಡು ಅದರ ಮೇಲೆ ಅಡ್ಡಾಗುತ್ತಿದ್ದ. ಸಂಜೆಗೆ ಅದು ನಮ್ಮದು. ನಮ್ಮದು ಅಂದರೆ ನನ್ನದು ಮತ್ತು ನನ್ನ ಅಕ್ಕ ಗೌರಕ್ಕಳದು. ಆಗ ನನಗೆ ಎಂಟೊಂಬತ್ತು ವರ್ಷ, ಅವಳಿಗೆ ಹದಿನಾಲ್ಕು. ಮನೆಯಲ್ಲಿ ಎಲ್ಲರ ಮೇಲೆ ಅಧಿಕಾರ ನಡೆಸುತ್ತಿದ್ದವಳು ನಮ್ಮ ಆಯಿ, ಅಪ್ಪನ ತಾಯಿ. ಅವಳ ಬಾಯಿಗೆ ಅಪ್ಪನೂ ಹೆದರುತ್ತಿದ್ದ, ನಮ್ಮವ್ವನಂತೂ ಬಿಡಿ, ಅವಳೆದುರು ತಲೆಯ ಮೇಲಿನ ಸೆರಗೇ ಇಳಿಸುತ್ತಿರಲಿಲ್ಲ. ಅಂಥ ಆಯಿಯೂ ಗೌರಕ್ಕ ಒಮ್ಮೆ ಗಲ್ಲ ಹಿಡಿದು ನಕ್ಕರೆ ಕರಗಿಬಿಡುತ್ತಿದ್ದಳು. ಹಾಗೆ ನಕ್ಕೇ ಅವಳು ಕ್ರೈಸ್ತ ಸಿಸ್ಟರುಗಳ ಕಾನ್ವೆಂಟ್ ಸಾಲೆಗೆ ಸೇರಿದ್ದು. ಅಲ್ಲಿ ಹೆಚ್ಚಿನವರು ರೈಲ್ವೆಯಲ್ಲಿದ್ದ ಗೋವಾದ ಮಂದಿಯ ಹುಡುಗಿಯರು, ನಡುನಡುವೆ ನಮ್ಮಂಥವರು ನಾಲ್ಕು ಜನ.

ಆ ಸಾಲೆಯ ಹೆಡ್ಡು ಮದರ್ ಕ್ಲಾರಾ, ಮಂಗಳೂರು ಕಡೆಯವರು. ಅವರೇ ಒಂದು ದಿನ ನಮ್ಮ ಪಡಸಾಲೆಗೆ ಬಂದು ಅಪ್ಪನಿಗೆ ಸುದ್ದಿ ಹೇಳಿದರು. ಲಂಕೆಯ ಕೊಲಂಬೊದಲ್ಲಿ ಅವರದೇ ಸಭೆಯ ಇನ್ನೊಂದು ಸಾಲೆ ಇದೆ. ಈ ಚಳಿಗಾಲ ಅಲ್ಲಿಯ ಕೆಲವು ಹುಡುಗಿಯರು ಇಲ್ಲಿಗೆ ಬಂದು ನಮ್ಮ ಮನೆಗಳಲ್ಲಿ ಇರುತ್ತಾರೆ, ಮುಂದಿನ ಚಳಿಗಾಲ ಇಲ್ಲಿಯವರು ಅಲ್ಲಿಗೆ ಹೋಗಿ ಅವರ ಮನೆಗಳಲ್ಲಿ ಇರಬೇಕು. ಹೋಗುವವರಲ್ಲಿ ಗೌರಿಯ ಹೆಸರನ್ನು ತಾವು ಬರೆದುಕೊಂಡಾಗಿದೆ ಎಂದರು. ಅಪ್ಪ ತಲೆ ತುರಿಸಿಕೊಂಡ. ಒಳಗಿನಿಂದ ಆಯಿಯ ಧ್ವನಿ ಬಂತು. "ರಾವಣನ ಊರಿಗೆ ಹೆಣ್ಣ ಹುಡುಗೀನ ಕಳಸಾಂವ ಆದೇನ? ಸೀತವ್ವನ ಗತಿ ಏನಾತು ಗೊತ್ತಿಲ್ಲೇನ ನಿನಗ?" ಮದರ್ ನಕ್ಕುಬಿಟ್ಟರು. ಗೌರಕ್ಕ ನಗಲಿಲ್ಲ. ಅವಳು ಜೋಕಾಲಿಯ ಸರಪಳಿ ಹಿಡಿದು ನಿಂತಿದ್ದಳು. ನಮ್ಮ ಊರಲ್ಲಿ ಕೆರೆ ತುಂಬಿದರೇ ಜನ ನೋಡಲು ಹೋಗುತ್ತಾರೆ. ಅಂಥ ಊರ ಹುಡುಗಿಗೆ ಸಮುದ್ರ ದಾಟು ಅಂದಿದ್ದರು.

ಜೋಳದ ಹಸಿ ತೆನೆ ಸುಟ್ಟು ಸೀತನಿ ತಿನ್ನುವ ದಿನಗಳಲ್ಲಿ ಲಂಕೆಯ ಹುಡುಗಿಯರು ಬಂದರು. ನಮ್ಮ ಮನೆಗೆ ಬಂದವಳು ಲೂಸಿ. ಎಣ್ಣೆಗಪ್ಪು ಮೈ, ಮೊಳಕಾಲು ಮುಟ್ಟುವ ಬಿಳಿ ಫ್ರಾಕು, ಕೊರಳಲ್ಲಿ ಸಣ್ಣ ಶಿಲುಬೆ. ಅವಳೂ ಗೌರಕ್ಕನೂ ಇಂಗ್ಲಿಷಿನಲ್ಲಿ ಅರ್ಧ, ಕೈಸನ್ನೆಯಲ್ಲಿ ಅರ್ಧ ಮಾತಾಡುತ್ತಿದ್ದರು. ಆಯಿ ಮೊದಲ ದಿನ ಮುಖ ಗಂಟು ಹಾಕಿಕೊಂಡೇ ಬಡಿಸಿದಳು. ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ ಬಾಯಿಗಿಟ್ಟು ಆ ಹುಡುಗಿ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ, ತಟ್ಟೆಯಲ್ಲಿ ಬಿಡಬಾರದೆಂದು ಇನ್ನೂ ತಿನ್ನುತ್ತಿದ್ದುದನ್ನು ಕಂಡಳಲ್ಲ, ಅಲ್ಲಿಗೆ ಮುಗಿಯಿತು. "ಯವ್ವಾ ನನ ಕೂಸ, ಬಿಡ ಬೇ, ಬಿಡು!" ಎಂದು ಗಡಿಗೆಯ ಕೆನೆಮೊಸರನ್ನೆಲ್ಲ ಅವಳ ರೊಟ್ಟಿಯ ಮೇಲೆ ಸುರಿದಳು. ಮರುದಿನವೇ ಗಾಡಿ ಕಟ್ಟಿಸಿ ತನ್ನ ತವರೂರು ಟಿಕೋಟಾದ ಹೊಲಕ್ಕೆ ಕರೆದೊಯ್ದು ಸೀತನಿ ಸುಡಿಸಿದಳು. ಕೆಂಡದ ಮೇಲಿನ ಹಸಿ ತೆನೆಯ ಆ ಸಿಹಿ ಹೊಗೆ, ಅಂಗೈಯಲ್ಲಿ ತಿಕ್ಕಿ ಊದಿದ ಬಿಸಿ ಕಾಳು, ಲೂಸಿಯ ಗಲ್ಲಕ್ಕೆ ಹತ್ತಿದ ಮಸಿ, ಎಲ್ಲ ನಿನ್ನೆ ಕಂಡಂತಿದೆ. ಅಲ್ಲಿ ಬದುವಿನ ಮೇಲೆ ಕೂತು ಗೌರಕ್ಕ ಸಮುದ್ರ ಹೇಗಿರುತ್ತದೆಂದು ಕೇಳಿದಳು. ಲೂಸಿ ಹೊಲದ ಕೊನೆಯವರೆಗೆ ಕೈ ಬೀಸಿ ತೋರಿಸಿದಳು, ನೀರೆಲ್ಲ ಉಪ್ಪು ಎಂದಳು, ಉಳಿದದ್ದು ನೀನು ಬಂದಾಗ ತೋರಿಸುತ್ತೇನೆ, ದಂಡೆಯ ಮೇಲೇ ನಿಂತಿರುತ್ತೇನೆ ಎಂದಳು. ಆಯಿಗೆ ಇದನ್ನು ನಾವು ಹೇಳಿದಾಗ, "ಉಪ್ಪ ನೀರೇನ ದೊಡ್ಡದು? ನಮ್ಮ ಸಾರವಾಡ ಹೊಳಿ ನೀರೂ ಉಪ್ಪ ಐತಿ" ಎಂದು ಊರ ಮಾನ ಉಳಿಸಿದಳು.

ಹೊರಡುವ ದಿನ ಅವ್ವ ಲೂಸಿಗೆ ಉಡಿ ತುಂಬಿದಳು. ಸೀರೆಯ ಸೆರಗಿಲ್ಲದ ಹುಡುಗಿ ಫ್ರಾಕಿನ ತುದಿಯನ್ನೇ ಹಿಡಿದು ಒಡ್ಡಿದಳು. ಅದರಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಕುಪ್ಪಸಕ್ಕೆ ಒಂದು ಖಣ. ಹೆಣ್ಣು ಬರಿ ಉಡಿಯಲ್ಲಿ ಮನೆ ಬಿಡಬಾರದು ಎಂದು ಆಯಿ ಹೇಳಿದ್ದನ್ನು ಗೌರಕ್ಕ ಇಂಗ್ಲಿಷಿನಲ್ಲಿ ಹೇಳಲು ಹೋಗಿ ಅತ್ತಳು. ಟಾಂಗಾ ಮರೆಯಾದ ಮೇಲೆ ಆಯಿ ಅಪ್ಪನ ಕಡೆ ತಿರುಗಿದಳು. "ಅವರ ಕೂಸು ನಮ್ಮನ್ಯಾಗ ಉಂಡ ಹೋತು. ಇನ್ನ ನಮ್ಮ ಕೂಸು ಅವರ ಮನ್ಯಾಗ ಉಣಬೇಕು. ಇಲ್ಲಂದ್ರ ಅವರ ತಾಯಿ ಏನ ತಿಳಕೊಂಡಾಳು?" ರಾವಣನ ಹೆಸರು ಅವಳ ಬಾಯಲ್ಲಿ ಮತ್ತೆ ಬರಲಿಲ್ಲ.

ಆದರೆ ಹಡಗಿನ ಭಯ ಬಂತು. ಅದನ್ನು ತಂದವರು ಪಕ್ಕದ ಮನೆಯ ಹಾಜಿ ಚಾಚಾ. ಇಡೀ ಜೋರಾಪುರ ಪೇಟೆಯಲ್ಲಿ ಸಮುದ್ರ ಕಂಡವರು ಅವರೊಬ್ಬರೇ, ಹಜ್ಜಿಗೆ ಹೋಗಿ ಬಂದವರು. "ಬೊಂಬಾಯಿ ಬಂದರ ಬಿಟ್ಟಾಗಿಂದ ಜಿದ್ದಾ ಮುಟ್ಟೂತನಾ ಕುಡದ ನೀರ ಹೊಟ್ಟ್ಯಾಗ ನಿಲ್ಲಲಿಲ್ರಿ ಅವ್ವಾರ. ನನ್ನ ಮಗ್ಗಲದಾಂವ ಮಾತ್ರ ಆರಾಮ ಕುಂತಿದ್ದ. ಅಂವಗ ರೂಢಿ ಇತ್ತು" ಎಂದರು. ಆಯಿ "ಹಂಗಾರ ರೂಢಿ ಮಾಡ್ಕೊಂಡ್ರ ಆತಲ್ಲ!" ಎಂದು ಜೋಕಾಲಿಯ ಕಡೆ ನೋಡಿದಳು.

ಅಂದಿನಿಂದ ಶುರುವಾಯಿತು ನೋಡಿ. ಹೊಟ್ಟೆ ತುಂಬ ಊಟ ಹಾಕಿ, ಗೌರಕ್ಕನನ್ನು ಹಲಗೆಯ ಮೇಲೆ ಕಣ್ಣು ಮುಚ್ಚಿ ಕೂರಿಸುವುದು. ಹಿಂದೆ ನಿಂತು ತೂಗುವುದು ನಾನು. ಹಾಜಿ ಚಾಚಾ ಹೊಸ್ತಿಲ ಹತ್ತಿರ ಚೀಲಕ್ಕೆ ಒರಗಿ ಕೂತು ಹುಕುಮು ಕೊಡುತ್ತಿದ್ದರು. "ಸೀದಾ ತೂಗಬ್ಯಾಡ ಬೇಟಿ, ಅಡ್ಡಡ್ಡ ತೂಗು. ಹಡಗ ಸೀದಾ ಹೋಗಂಗಿಲ್ಲ." ನಾನು ಅಡ್ಡಡ್ಡ ತೂಗುತ್ತಿದ್ದೆ. ಮೊದಮೊದಲು ಗೌರಕ್ಕ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದಳು. ಬಂದು ಬಾಯಿ ತೊಳೆದುಕೊಂಡು, ಮುಖ ಬಿಳಿಚಿಕೊಂಡೇ ಮತ್ತೆ ಹತ್ತಿ ಕೂರುತ್ತಿದ್ದಳು. "ತೂಗ ಬೇ, ಇನ್ನಾ ಜೋರ ತೂಗು" ಅನ್ನುತ್ತಿದ್ದಳು. ಕೊಂಡಿ ಕಿರುಗುಟ್ಟಿದರೆ ಆಯಿ ಸ್ಟೂಲು ಹತ್ತಿ ಕುಸುಬಿ ಎಣ್ಣೆ ಬಿಡುತ್ತಿದ್ದಳು. ಅದು ಸರಪಳಿಗುಂಟ ಇಳಿದು ಗೌರಕ್ಕನ ಅಂಗೈಗೆ, ಅಂಗೈಯಿಂದ ಅವಳು ಚೇಷ್ಟೆಗೆ ಎಳೆಯುತ್ತಿದ್ದ ನನ್ನ ಜಡೆಗೆ ಹತ್ತುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಹೋಳಿಗೆ ಉಂಡು ಕೂತರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಒಮ್ಮೆ ಇದನ್ನು ಕಂಡ ಮದರ್ ಕ್ಲಾರಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ದೇವರೇ, ದೇಶದ ತುದಿಯವರೆಗೆ ರೈಲೇ ಇದೆ. ಹಡಗಿನಲ್ಲಿ ಕೂರುವುದು ಎರಡೇ ಗಂಟೆ!" ಹಾಜಿ ಚಾಚಾ ಸೋಲಲಿಲ್ಲ. "ಎರಡ ತಾಸ ಆದ್ರೇನ್ರಿ, ಸಮುದ್ರ ಸಮುದ್ರನ" ಎಂದರು.

ಇಷ್ಟರಲ್ಲಿ ಬಬಲೇಶ್ವರದ ಕಡೆಯವರು ಗೌರಕ್ಕನನ್ನು ಕೇಳಿಕೊಂಡು ಬಂದಿದ್ದರು. ಒಳ್ಳೆಯ ಮನೆ, ಜೈನಾಪುರದ ಸೀಮೆಯಲ್ಲಿ ಕರಿ ಎರಿ ಹೊಲ, ಹುಡುಗನೂ ಕೆಟ್ಟವನಲ್ಲ. ಲಂಕೆಯಿಂದ ಬಂದ ಮೇಲೆ ಮದುವೆ ಎಂದು ಅಪ್ಪ ಮಾತು ಕೊಟ್ಟ. ಅವರೂ ಒಪ್ಪಿದರು. ಗೌರಕ್ಕ ಅದಕ್ಕೂ ಹೂಂ ಅಂದಳು. ಅವಳಿಗೆ ಬೇಕಾಗಿದ್ದದ್ದು ಒಂದೇ, ಜೀವಮಾನದಲ್ಲಿ ಒಮ್ಮೆ ಆ ನೀರು ದಾಟಿ ಲೂಸಿ ನಿಂತಿರುವ ದಂಡೆಗೆ ಇಳಿಯುವುದು. ಆಮೇಲೆ ಯಾವ ಹೊಸ್ತಿಲಾದರೂ ತುಳಿಯುತ್ತೇನೆ ಎಂದು ನನ್ನ ಕಿವಿಯಲ್ಲಿ ಹೇಳಿದ್ದಳು.

ಚಳಿಗಾಲ ಬಂತು, ಜಪಾನಿನವರು ಯುದ್ಧಕ್ಕಿಳಿದರು. ಪ್ರಯಾಣ ಬೇಸಿಗೆ ರಜೆಗೆ ಎಂದರು ಮದರ್. ಖಡಕ್ ರೊಟ್ಟಿ ಬಡಿದು ಬಟ್ಟೆಯಲ್ಲಿ ಕಟ್ಟಿಟ್ಟಿದ್ದನ್ನು ನಾವೇ ಮುರಿದು ತಿಂದೆವು, ಬೇಸಿಗೆಗೆ ಮತ್ತೆ ಬಡಿದರಾಯಿತು ಎಂದಳು ಆಯಿ. ಬೇಸಿಗೆಯಲ್ಲಿ ಕ್ರೈಸ್ತರ ಈಸ್ಟರ್ ಹಬ್ಬದ ದಿನ ಕೊಲಂಬೊದ ಮೇಲೆ ವಿಮಾನಗಳು ಬಂದು ಬಾಂಬು ಹಾಕಿದವು. ಸುದ್ದಿ ತಿಳಿದ ಮೇಲೆ ಮದರ್ ಕ್ಲಾರಾ ನಮ್ಮ ಮನೆಗೆ ಬಂದರು. ಕೂರ್ರಿ ಅಂದರೆ ಕೂರಲಿಲ್ಲ. "ಗೌರೀ, ಇನ್ನು ಆಗುವುದಿಲ್ಲ ಮಗಾ" ಎಂದರು. ಗೌರಕ್ಕ ತನ್ನ ಪ್ರಯಾಣದ ಮಾತೇ ಎತ್ತಲಿಲ್ಲ. "ಲೂಸಿ?" ಎಂದಳು. ಮದರ್ ತಲೆ ಅಲ್ಲಾಡಿಸಿದರು. ಗೊತ್ತಿಲ್ಲ ಎಂಬಂತೆ ಇತ್ತು ಅದು, ಇಲ್ಲ ಎಂಬಂತೆಯೂ ಇತ್ತು. ಲೂಸಿಯ ಸುದ್ದಿ ಆಮೇಲೆ ಎಂದೂ ಬರಲಿಲ್ಲ. ಬದುಕಿದಳೋ, ಸತ್ತಳೋ, ನಮ್ಮ ಖಣದಲ್ಲಿ ಕುಪ್ಪಸ ಹೊಲಿಸಿಕೊಂಡಳೋ, ದೇವರೇ ಬಲ್ಲ.

ಬಬಲೇಶ್ವರದವರು ಇನ್ನೇಕೆ ತಡ ಎಂದರು. ತಡ ಮಾಡಲು ನಮ್ಮ ಬಳಿ ಕಾರಣ ಉಳಿದಿರಲಿಲ್ಲ. ಆ ಬೇಸಿಗೆಯಲ್ಲೇ ಮದುವೆಯಾಯಿತು. ಗೌರಕ್ಕ ಗಂಡನ ಮನೆಯಲ್ಲಿ ಬಾಳಿದಳು, ಯಾರ ಮೇಲೂ ದೂರು ಹೇಳಲಿಲ್ಲ. ನಾಗರ ಪಂಚಮಿಗೆ ತವರಿಗೆ ಬಂದಾಗ ಮಾತ್ರ, ಉಳಿದ ಹೆಣ್ಣುಮಕ್ಕಳು ಹಾಡಿಕೊಂಡು ಜೀಕುತ್ತಿದ್ದರೆ, ಇವಳು ಊಟ ಮಾಡಿ ಬಂದು ಕಣ್ಣು ಮುಚ್ಚಿ ಕೂತು ನನಗೆ "ಅಡ್ಡಡ್ಡ ತೂಗು" ಅನ್ನುತ್ತಿದ್ದಳು. "ಹಡಗ ಎಲ್ಲೈತಿ ಅಕ್ಕಾ ಈಗ?" ಎಂದು ಕೇಳಿದ್ದೆ. "ಯುದ್ಧ ಮುಗೀಲಿ. ರೂಢಿ ಬಿಟ್ಟ ಹೋಗಬಾರದು" ಎಂದಳು. ಯುದ್ಧ ಮುಗಿಯಿತು. ಪೇಟೆಯಲ್ಲಿ ಪೇಢೆ ಹಂಚಿದರು. ಅಷ್ಟರಲ್ಲಿ ಮದರ್ ಕ್ಲಾರಾಗೆ ಬೇರೆ ಊರಿಗೆ ವರ್ಗವಾಗಿತ್ತು. ಹೊಸದಾಗಿ ಬಂದವರಿಗೆ ಲಂಕೆಯ ವಿಷಯವೇ ಗೊತ್ತಿರಲಿಲ್ಲ. ಹಾಜಿ ಚಾಚಾ ಮಣ್ಣಾಗಿದ್ದರು. ಆ ಪಂಚಮಿಗೆ ಗೌರಕ್ಕ ಜೋಕಾಲಿ ಹತ್ತಲಿಲ್ಲ. ಸರಪಳಿ ಹಿಡಿದು ಸ್ವಲ್ಪ ಹೊತ್ತು ನಿಂತು ಒಳಗೆ ಹೋದಳು.

ಮುಂದಿನ ಮಳೆಗಾಲ ಅವಳಿಗೆ ವಿಷಮಜ್ವರ. ಸುದ್ದಿ ಬಂದಾಗ ಅಪ್ಪ ವ್ಯಾಪಾರಕ್ಕೆಂದು ಸೊಲ್ಲಾಪುರಕ್ಕೆ ಹೋಗಿದ್ದ. ಆಯಿ, ನಾನು ಬಬಲೇಶ್ವರಕ್ಕೆ ಹೋದೆವು. ಔಷಧಿ ನಾಟಿರಲಿಲ್ಲ. ವಿಜಾಪುರದ ದೊಡ್ಡ ದವಾಖಾನೆಗೆ ಒಯ್ಯಬೇಕು ಅಂದರು. ಮೋಟಾರು ಸಿಗಲಿಲ್ಲ, ನಸುಕಿನಲ್ಲಿ ಗಾಡಿ ಹೂಡಿದರು. ಭಾವ ಎತ್ತು ಹೊಡೆಯುತ್ತಿದ್ದ. ಗಾಡಿಯಲ್ಲಿ ಮೇವು ಹಾಸಿ, ಮೇಲೆ ಕೌದಿ ಹಾಸಿ ಅವಳನ್ನು ಮಲಗಿಸಿದ್ದೆವು, ತಲೆ ಆಯಿಯ ತೊಡೆಯ ಮೇಲೆ. ಎರಿಮಣ್ಣಿನ ಕೆಸರಲ್ಲಿ ಗಾಡಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೊಯ್ದಾಡುತ್ತಿತ್ತು. ಹೊತ್ತು ಏರಿದಾಗ ಸಾರವಾಡದ ಹೊಳೆ ಬಂತು. ಮೊಳಕಾಲಮಟ್ಟ ನೀರು, ಎತ್ತುಗಳು ಇಳಿದವು, ಗಾಲಿಗೆ ನೀರು ಬಡಿಯುವ ಸದ್ದು ಸುತ್ತ ತುಂಬಿತು. ಗೌರಕ್ಕ ಕಣ್ಣು ತೆರೆದಳು. ಕುಡಿಯುವ ನೀರಿನ ತಂಬಿಗೆ ದಾರಿಯಲ್ಲೇ ಉರುಳಿ ಬರಿದಾಗಿತ್ತು. ತುಟಿ ಒಡೆದಿದ್ದವು. ಆಯಿ ಸೆರಗಿನ ತುದಿಯನ್ನು ಹೊಳೆಯಲ್ಲಿ ಅದ್ದಿ ಅವಳ ತುಟಿಗೆ ಒತ್ತಿದಳು.

"ಉಪ್ಪ ಐತಿ" ಎಂದಳು ಗೌರಕ್ಕ. ಮುಖದಲ್ಲಿ ಎಷ್ಟೋ ವರ್ಷದಿಂದ ನಾನು ಕಾಣದ ನಗು ಇತ್ತು. "ಆಯೀ, ಸಮುದ್ರನ ಹೌದಲ್ಲ ಇದು? ನೋಡು, ನನಗ ವಾಂತಿ ಬರವಲ್ದು."

"ಸಮುದ್ರನ ಯವ್ವಾ" ಎಂದಳು ಆಯಿ.

"ಲೂಸಿ ಬಂದಾಳೇನ ದಂಡಿಗೆ?"

"ಬಂದಾಳವ್ವ, ಬಂದಾಳ. ಕೈ ಬೀಸಾಕತ್ತಾಳ ನೋಡು."

ಭಾವ ತಿರುಗಿ ನೋಡಲಿಲ್ಲ. ಅವನ ಹೆಗಲು ಅಲುಗುತ್ತಿದ್ದುದು ನನಗೆ ಕಂಡಿತು. ಗಾಡಿ ಆಚೆ ದಂಡೆ ಹತ್ತಿತು. ಗೋಳಗುಮ್ಮಟ ದೂರದಲ್ಲಿ ಕಾಣಿಸಿಕೊಂಡಾಗ ಆಯಿ, ಗಾಡಿ ನಿಲ್ಲಸಪ್ಪಾ, ಇನ್ನ ಅವಸರ ಮಾಡಬ್ಯಾಡ ಎಂದಳು. ಆಗಲೇ ನನಗೆ ತಿಳಿದದ್ದು. ನಮ್ಮ ಮನೆಗೆ ಒಯ್ದಾಗ ಅವ್ವ ಗೌರಕ್ಕನಿಗೆ ಉಡಿ ತುಂಬಿದಳು, ಕೊನೆಯ ಉಡಿ. ಅಕ್ಕಿ ಹಾಕುವಾಗ ಆಯಿ ಅವ್ವನ ಕೈ ಹಿಡಿದು ಇನ್ನಾ ಹಾಕು, ಇನ್ನಾ ಹಾಕು ಅನ್ನುತ್ತಿದ್ದಳು.

ಅಪ್ಪ ಜೋಕಾಲಿ ಬಿಚ್ಚಿಸಿ ಅಟ್ಟಕ್ಕೆ ಹಾಕಿಸಿದ. ತೊಲೆಯಲ್ಲಿ ಕೊಂಡಿಗಳು ಮಾತ್ರ ಉಳಿದವು, ಎಣ್ಣೆಯ ಕರಿ ಕಲೆ ಸುತ್ತ. ಆಯಿ ಹೋದಳು, ಅವ್ವ ಅಪ್ಪ ಹೋದರು, ಮನೆ ಕೆಡವಿದರು, ಸಾಲೆ ಎಂದೋ ಮುಚ್ಚಿತು. ನನ್ನ ಮಗ ಒಮ್ಮೆ ಹಟ ಮಾಡಿ ನನ್ನನ್ನು ಗೋವಾಕ್ಕೆ ಕರೆದೊಯ್ದು ಹಡಗಿನಲ್ಲಿ ಕೂರಿಸಿದ್ದ. ಬಂದರು ಕಣ್ಮರೆಯಾಗುವುದರೊಳಗೆ ಕರುಳು ಕಿತ್ತು ಬರುವ ಹಾಗೆ ವಾಂತಿಯಾಯಿತು ನನಗೆ. ಮಗ ಬೆನ್ನು ತಿಕ್ಕುತ್ತ, ಇಷ್ಟ್ಯಾಕ ಬೇ ಎಂದು ಕೇಳಿದ. ಏನು ಹೇಳಲಿ ಅವನಿಗೆ? ನಾನು ಹಿಂದೆ ನಿಂತು ತೂಗಿದವಳು. ರೂಢಿ ಇದ್ದದ್ದು ಅವಳಿಗೆ.